ಅಮ್ಮನಿಗೆ ನೂರು ಸ್ತೋತ್ರ ಮುಗಿಸಲು ಆಗಲಿಲ್ಲ: ಪ್ರಾರ್ಥನೆಯಲ್ಲಿ ಸ್ತುತಿಯ ಜಾಗ ಯಾವುದು?

ಮಂಡಿಪೇಟೆ (ದಾವಣಗೆರೆ), ಭಾನುವಾರ ರಾತ್ರಿ

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹೋದ ಮಳೆಗಾಲದಲ್ಲಿ ನಮ್ಮ ಅಪ್ಪ ತೀರಿಕೊಂಡರು. ಹತ್ತಿ ಮಿಲ್ಲಿನಲ್ಲಿ ದುಡಿದು ಬದುಕಿದವರು. ಮಿಲ್ಲು ಮುಚ್ಚಿದ ಮೇಲೂ ಒಂದು ಭಾನುವಾರ ಸಭೆ ತಪ್ಪಿಸಿದವರಲ್ಲ. ಎರಡೂ ಕಿಡ್ನಿ ಕೈಕೊಟ್ಟು 23 ದಿನ ಆಸ್ಪತ್ರೆಯಲ್ಲಿದ್ದರು. ಕೊನೆಯ ವಾರದಲ್ಲಿ ಒಂದು ಪ್ರಾರ್ಥನಾ ಗುಂಪಿನವರು ವಾರ್ಡಿಗೆ ಬಂದರು. ಪ್ರೀತಿಯಿಂದಲೇ ಬಂದರು, ಎಳನೀರು ತಂದಿದ್ದರು. ಅಮ್ಮ ಅಳುತ್ತಾ, 'ಕರ್ತನೇ, ಇವರನ್ನು ಉಳಿಸಪ್ಪಾ' ಎಂದು ಪ್ರಾರ್ಥನೆ ಶುರು ಮಾಡಿದರು. ಗುಂಪಿನ ಹಿರಿಯರೊಬ್ಬರು ಅರ್ಧದಲ್ಲೇ ತಡೆದರು. 'ಅಕ್ಕಾ, ಅಳಬೇಡಿ. ಅಳು ಅವಿಶ್ವಾಸ. ಮೊದಲು ಸ್ತೋತ್ರ ಹೇಳಿ. ನೂರು ಸ್ತೋತ್ರ ಹೇಳಿ, ಬಾಗಿಲು ತೆರೆಯುತ್ತದೆ' ಅಂದರು.

ಅಮ್ಮ ಬೆರಳು ಮಡಚಿ ಎಣಿಸುತ್ತಾ ಹೇಳಿದರು. 'ಯೇಸುವೇ ಸ್ತೋತ್ರ, ಯೇಸುವೇ ಸ್ತೋತ್ರ.' ಮೂವತ್ತರ ಹತ್ತಿರ ಬಂದಾಗ ಗಂಟಲು ಕಟ್ಟಿತು. ಮುಂದೆ ಆಗಲಿಲ್ಲ. ಅದಾಗಿ ನಾಲ್ಕನೇ ದಿನ ಅಪ್ಪ ಹೋದರು.

ಇವತ್ತಿಗೂ ಅಮ್ಮ ರಾತ್ರಿ ಎದ್ದು ಕೂತು ಕೇಳುತ್ತಾರೆ, 'ನಾನು ನೂರು ಮುಗಿಸಿದ್ದರೆ ಉಳೀತಿದ್ದರಾ?'

ಯಾರನ್ನೂ ದೂರಲು ನಾನು ಬರೆಯುತ್ತಿಲ್ಲ. ನನಗೆ ನಿಜವಾಗಿ ಗೊತ್ತಾಗಬೇಕು. ಸ್ತುತಿ ಅಂದರೆ ಬೀಗದ ಕೈಯಾ? ಪ್ರಾರ್ಥನೆಯಲ್ಲಿ ಅದು ಮೊದಲು ಬರಲೇಬೇಕಾ? ಬಾಯಿ ಬಾರದವರು ಏನು ಮಾಡಬೇಕು? ಅಮ್ಮನಿಗೆ ನಾನು ಏನು ಹೇಳಲಿ?

---

ಆರಾಧನೆ ತಂಡ (ದಾವಣಗೆರೆ)

ಅಣ್ಣಾ, ಓದಿ ತುಂಬಾ ಬೇಜಾರಾಯಿತು. ಅಮ್ಮನನ್ನು ಹಾಗೆ ತಡೆಯಬಾರದಿತ್ತು.

ಆದರೂ ಸ್ತುತಿಯ ಪರವಾಗಿ ನಾನು ಮಾತಾಡಲೇಬೇಕು. ನಮ್ಮ ಸಭೆಯಲ್ಲಿ ಆರು ವರ್ಷದಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಮನೆಯಲ್ಲಿ ಜಗಳ ಆಡಿ, ಸಾಲದ ಚಿಂತೆ ಹೊತ್ತು ಬಂದವರು ಎರಡನೇ ಹಾಡಿನ ಹೊತ್ತಿಗೆ ಮುಖ ಎತ್ತುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಯೇಸುವಿನ ಸೇವಕರಾದ ಪೌಲ, ಸೀಲ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ಮಧ್ಯರಾತ್ರಿ ಹಾಡಿದರು. ಭೂಕಂಪ ಆಯಿತು, ಬಾಗಿಲುಗಳು ತೆರೆದವು. ಯೆಹೂದದ ಅರಸ ಯೆಹೋಷಾಫಾಟನು ಯುದ್ಧಕ್ಕೆ ಹೊರಟಾಗ ಸೈನ್ಯದ ಮುಂದೆ ಹಾಡುವವರನ್ನು ನಿಲ್ಲಿಸಿದ. ಸ್ತುತಿಯಲ್ಲಿ ಬಲ ಇದೆ. ಇದನ್ನು ನಾನು ಬಿಟ್ಟುಕೊಡಲಾರೆ.

---

ಕೋಟೆ ಕೆಳಗಿನ ಮೇಷ್ಟ್ರು (ಚಿತ್ರದುರ್ಗ)

ತಮ್ಮಾ, ನೀನು ಹೇಳಿದ ಎರಡೂ ಕಥೆ ನನಗೂ ಇಷ್ಟ. ಸಂಡೇ ಸ್ಕೂಲಿನಲ್ಲಿ ಎಷ್ಟೋ ವರ್ಷ ಅವನ್ನೇ ಮಕ್ಕಳಿಗೆ ಹೇಳಿದ್ದೇನೆ. ಅವನ್ನು ಪೂರ್ತಿ ಓದೋಣ ಬಾ.

ಫಿಲಿಪ್ಪಿಯಲ್ಲಿ ಬಾಗಿಲು ತೆರೆಯಿತು, ನಿಜ. ಆದರೆ ಪೌಲ ಓಡಿಹೋಗಲಿಲ್ಲ. ಖಡ್ಗ ಹಿರಿದು ಸಾಯಲು ಹೊರಟ ಸೆರೆಮನೆಯ ಯಜಮಾನನಿಗೆ 'ನಾವೆಲ್ಲ ಇಲ್ಲೇ ಇದ್ದೇವೆ' ಎಂದು ಕೂಗಿ ಹೇಳಿದ. ಅವರು ಹಾಡಿದ್ದು ಬಾಗಿಲು ತೆಗೆಸಲು ಆಗಿದ್ದರೆ, ತೆರೆದ ಕೂಡಲೇ ಹೊರಗೆ ಹೋಗಬೇಕಿತ್ತಲ್ವಾ? ಬಾಗಿಲು ಮುಚ್ಚಿಯೇ ಇದ್ದಿದ್ದರೂ ಅವರು ಹಾಡುತ್ತಿದ್ದರು ಎಂದೇ ನನಗೆ ಅನಿಸುತ್ತದೆ. ಆ ಕಥೆ ಇರುವ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲೇ, 12ನೇ ಅಧ್ಯಾಯದಲ್ಲಿ, ಯೇಸುವಿನ ಶಿಷ್ಯ ಪೇತ್ರನ ಸೆರೆಮನೆಯ ಬಾಗಿಲು ತೆರೆಯುತ್ತದೆ. ಅವನು ಹಾಡುತ್ತಿದ್ದನಾ? ಇಲ್ಲ, ಮಲಗಿ ನಿದ್ದೆ ಮಾಡುತ್ತಿದ್ದ! ಅದೇ ಅಧ್ಯಾಯದ ಮೊದಲಲ್ಲಿ ಇನ್ನೊಬ್ಬ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದೂ ಇದೆ. ಯಾಕೋಬನ ಮನೆಯವರು ಸ್ತೋತ್ರ ಕಡಿಮೆ ಹೇಳಿದರು ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

ಯೆಹೋಷಾಫಾಟನ ಕಥೆಯಲ್ಲಿ ನಾವು ಹಾಡುಗಾರರನ್ನು ನೆನಪಿಡುತ್ತೇವೆ, ಅದರ ಹಿಂದಿನ ಪ್ಯಾರಾ ಮರೆಯುತ್ತೇವೆ. 2 ಪೂರ್ವಕಾಲವೃತ್ತಾಂತ 20ನೇ ಅಧ್ಯಾಯ. ಅರಸ ಮೊದಲು ಹೆದರಿದ. ಉಪವಾಸ ಸಾರಿದ. ಹೆಂಗಸರು ಮಕ್ಕಳೆಲ್ಲ ನಿಂತಿರುವಾಗ, ಎಲ್ಲರ ಮುಂದೆ, ನಮಗೆ ಶಕ್ತಿ ಇಲ್ಲ, ಏನು ಮಾಡಬೇಕೋ ಗೊತ್ತಿಲ್ಲ, ನಿನ್ನನ್ನೇ ನೋಡುತ್ತಿದ್ದೇವೆ ಅಂದ. ಒಬ್ಬ ಅರಸ ಹೀಗೆ ಹೇಳಬಹುದಾದರೆ, ಗಂಡ ಸಾಯುತ್ತಿರುವ ಹೆಣ್ಣುಮಗಳು ಹೇಳಬಾರದಾ?

ಮಂಡಿಪೇಟೆಯವರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸತ್ಯವೇದದ ಕೀರ್ತನೆಗಳ ಪುಸ್ತಕಕ್ಕೆ ಇಬ್ರಿಯ ಭಾಷೆಯಲ್ಲಿ ತೆಹಿಲ್ಲೀಮ್ ಎಂದು ಹೆಸರು. ಅಂದರೆ ಸ್ತುತಿಗಳು. ಆ ಹೆಸರಿನ ಪುಸ್ತಕದಲ್ಲಿ 150 ಕೀರ್ತನೆ ಇವೆ. ಅವುಗಳಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ಗೋಳಿನವು, ಮೊರೆಯವು, ದೇವರನ್ನೇ ಪ್ರಶ್ನೆ ಮಾಡುವಂಥವು! 13ನೇದು ತೆಗೆಯಿರಿ, ಆರೇ ವಚನ. 'ಎಷ್ಟರವರೆಗೆ' ಎಂದು ಮತ್ತೆ ಮತ್ತೆ ಕೇಳುತ್ತದೆ. ಕೊನೆಯ ವಚನದಲ್ಲಿ ಮಾತ್ರ ಹಾಡು ಬರುತ್ತದೆ. ಇಲ್ಲಿ ಸ್ತುತಿ ಮೊದಲು ಬರಲಿಲ್ಲ, ಕೊನೆಗೆ ಬಂತು. 103ನೇದು ಸ್ತುತಿಯಲ್ಲಿ ಶುರುವಾಗಿ ಸ್ತುತಿಯಲ್ಲೇ ಮುಗಿಯುತ್ತದೆ. 88ನೇದರಲ್ಲಿ ಸ್ತುತಿ ಬರುವುದೇ ಇಲ್ಲ. ಅದು ಕತ್ತಲೆ ಎಂಬ ಮಾತಿನಲ್ಲಿ ಮುಗಿಯುತ್ತದೆ. ಅದನ್ನೂ ಜನ ದೇವರ ಮುಂದೆ ಹಾಡಿದರು. ಅದೂ ಸ್ತುತಿಗಳ ಪುಸ್ತಕದ ಒಳಗೇ ಇದೆ. ಯಾರೂ ಅದನ್ನು ಹೊರಗೆ ಹಾಕಲಿಲ್ಲ.

ಯೋಬನನ್ನು ನೋಡಿ. ಮೊದಲ ಅಧ್ಯಾಯದಲ್ಲಿ ಮಕ್ಕಳನ್ನು ಕಳೆದುಕೊಂಡೂ ಯೆಹೋವನ ನಾಮಕ್ಕೆ ಸ್ತೋತ್ರ ಅಂದ. ಮೂರನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಸ್ನೇಹಿತರು ಬಂದು ದೇವರ ಪರ ವಕಾಲತ್ತು ಮಾಡಿದರು, ಇವನ ಬಾಯಿ ಮುಚ್ಚಿಸಲು ನೋಡಿದರು. ಕೊನೆಗೆ ದೇವರು ಸಿಟ್ಟಾಗಿದ್ದು ಆ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಅಂದನು.

ಅಮ್ಮನಿಗೆ ಇದನ್ನು ಹೇಳಿ. ಅವರು ಮೂವತ್ತಕ್ಕೆ ನಿಲ್ಲಿಸಿದ್ದು ಸೋಲಲ್ಲ. ಅವರು 88ನೇ ಕೀರ್ತನೆಯ ಒಳಗೆ ಇದ್ದರು.

---

ರಾತ್ರಿ ಪಾಳಿ (ದಾವಣಗೆರೆ)

ನಾನು ನರ್ಸ್. ಮೇಷ್ಟ್ರಷ್ಟು ವಾಕ್ಯ ನನಗೆ ಬಾಯಿಗೆ ಬರುವುದಿಲ್ಲ. ವಾರ್ಡಿನಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಪ್ರಾರ್ಥನೆಗೆ ಬರುವವರಲ್ಲಿ ಎರಡು ಥರ. ಒಂದು ಥರದವರು ಹಾಸಿಗೆ ಹತ್ತಿರ ಬಂದು ಜೋರಾಗಿ ಸ್ತೋತ್ರ ಹೇಳಿ, ರೋಗಿಯಿಂದಲೂ ಹೇಳಿಸುತ್ತಾರೆ. ಆಕ್ಸಿಜನ್ ಮಾಸ್ಕ್ ತೆಗೆದು ಹೇಳಿ ಎಂದದ್ದನ್ನೂ ಕೇಳಿದ್ದೇನೆ. ಮಧ್ಯೆ ಹೋಗಿ ತಡೆಯಬೇಕಾಯಿತು. ಇನ್ನೊಂದು ಥರದವರು ಸುಮ್ನೆ ಕೂರುತ್ತಾರೆ. ಕಾಲು ಒತ್ತುತ್ತಾರೆ. ಆಮೇಲೆ ಮೆಲ್ಲಗೆ, ರೋಗಿಗೆ ಗೊತ್ತಿರುವ ಹಾಡು ಯಾವುದಾದರೂ ಇದ್ದರೆ ಹಾಡುತ್ತಾರೆ. ರೋಗಿ ಹಾಡಬೇಕು ಎಂದು ಕೇಳುವುದಿಲ್ಲ, ಅವರ ಬದಲಿಗೆ ತಾವು ಹಾಡುತ್ತಾರೆ.

ಒಂದು ರಾತ್ರಿ ಒಬ್ಬ ಅಜ್ಜಿ ನನ್ನನ್ನು ಕರೆದು, 'ಮಗಾ, ನನಗೆ ಪ್ರಾರ್ಥನೆ ಮಾಡೋಕಾಗ್ತಿಲ್ಲ, ನೀನು ಮಾಡ್ತೀಯಾ' ಅಂದರು. ಡ್ರಿಪ್ ಬದಲಿಸುತ್ತಾ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುವಾಗುವ, ಯೇಸು ಕಲಿಸಿದ ಪ್ರಾರ್ಥನೆ ಹೇಳಿದೆ. 'ನಿನ್ನ ನಾಮವು' ಎನ್ನುವಷ್ಟರಲ್ಲಿ ಅಜ್ಜಿ ನಿದ್ದೆ ಹೋಗಿದ್ದರು.

ಆ ಪ್ರಾರ್ಥನೆಯನ್ನು ನಾನು ದಿನಾ ಹೇಳುತ್ತೇನೆ. ಅದರಲ್ಲಿ ಮೊದಲು ತಂದೆಯ ನಾಮ ಬರುತ್ತದೆ, ಆಮೇಲೆ ರೊಟ್ಟಿ. ಇದು ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡ ಹಾಗೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಯಾರ ಹತ್ತಿರ ಮಾತಾಡುತ್ತಿದ್ದೇನೆ ಎನ್ನುವುದು ಮೊದಲು ನೆನಪಾದರೆ, ಕೇಳುವಾಗ ಹೆದರಿಕೆ ಕಡಿಮೆ ಆಗುತ್ತದೆ. ಅಷ್ಟೇ ನನಗೆ ಗೊತ್ತಿರುವುದು.

---

ಪಕ್ಕದ ಮನೆ (ದಾವಣಗೆರೆ)

ನಾನು ಕ್ರೈಸ್ತನಲ್ಲ, ಲಿಂಗಾಯತರ ಮನೆಯವನು. ಓದುತ್ತಾ ಹೋದೆ, ಒಂದು ಪ್ರಶ್ನೆ ಬಂತು. ತಪ್ಪು ತಿಳಿಯಬೇಡಿ. ನಮ್ಮಲ್ಲಿ ನಡೆ ನುಡಿ ಒಂದಾಗಬೇಕು ಎನ್ನುವುದನ್ನು ಬಸವಣ್ಣನವರಿಂದ ಕಲಿತಿದ್ದೇವೆ. ಬಾಯಲ್ಲಿ ಹೊಗಳಿ, ನಡೆ ಬೇರೆ ಇದ್ದರೆ ದೇವರು ಒಲಿಯುವುದಿಲ್ಲ. ಹಾಗಿರುವಾಗ ದೇವರಿಗೆ ಹೊಗಳಿಕೆ ಯಾಕೆ ಬೇಕು? ಹೊಗಳಿಸಿಕೊಳ್ಳಲು ಆಸೆಪಡುವ ಮನುಷ್ಯನನ್ನೇ ನಾವು ದೊಡ್ಡವನು ಅನ್ನುವುದಿಲ್ಲ ಅಲ್ವಾ?

---

ತುಂಗಭದ್ರಾ ದಡ (ಹರಿಹರ)

ಒಳ್ಳೆಯ ಪ್ರಶ್ನೆ. ನಾನು ಕಥೋಲಿಕಳು. ನಮ್ಮ ಚರ್ಚಿನ ಬಲಿಪೂಜೆಯ (ಮಾಸ್) ಒಂದು ಪ್ರಾರ್ಥನೆಯಲ್ಲಿ ಇದಕ್ಕೆ ನೇರ ಉತ್ತರ ಇದೆ. ದೇವರಿಗೆ ನಮ್ಮ ಸ್ತುತಿಯ ಅಗತ್ಯ ಇಲ್ಲ, ಅದರಿಂದ ಅವರ ಹಿರಿಮೆಗೆ ಏನೂ ಕೂಡಿಕೊಳ್ಳುವುದಿಲ್ಲ, ಸ್ತುತಿಸಬೇಕು ಎನ್ನುವ ಆಸೆ ಕೂಡ ಅವರೇ ಕೊಟ್ಟದ್ದು, ಒಳ್ಳೆಯದಾಗುವುದು ನಮಗೇ. ಇದು ಅದರ ಸಾರ. ಮೊದಲ ಸಲ ಅದನ್ನು ಗಮನ ಕೊಟ್ಟು ಕೇಳಿದ ದಿನ ನನಗೆ ಹೆಗಲ ಮೇಲಿನ ಹೊರೆ ಇಳಿಸಿದ ಹಾಗಾಯಿತು. ನಾನು ಚೆನ್ನಾಗಿ ಹಾಡದಿದ್ದರೆ ದೇವರಿಗೆ ಏನೂ ಕೊರತೆ ಇಲ್ಲ!

50ನೇ ಕೀರ್ತನೆಯಲ್ಲಿ, 'ನನಗೆ ಹಸಿವಾದರೆ ನಿನಗೆ ಯಾಕೆ ಹೇಳಲಿ, ಲೋಕವೆಲ್ಲ ನನ್ನದೇ ತಾನೆ' ಎಂದು ದೇವರೇ ಅನ್ನುತ್ತಾರೆ. ನಡೆ ನುಡಿಯ ಮಾತು ನಮ್ಮಲ್ಲೂ ಇದೆ. ನ್ಯಾಯ ಹರಿಯದ ಕಡೆ ನಿಮ್ಮ ಹಾಡಿನ ಗದ್ದಲ ನನಗೆ ಬೇಡ ಎಂದು ಆಮೋಸ ಪ್ರವಾದಿಯ ಬಾಯಿಂದ ಹೇಳಿಸಿದ್ದಾರೆ. ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಸ್ತೋತ್ರವನ್ನು ಯಜ್ಞ ಎಂದು ಕರೆದ ಮರುವಚನದಲ್ಲೇ ಪರೋಪಕಾರ ಮಾಡುವುದನ್ನೂ ಹಂಚಿಕೊಳ್ಳುವುದನ್ನೂ ಮರೆಯಬೇಡಿ ಎಂದಿದೆ. ಅವೂ ಯಜ್ಞವೇ.

ಇನ್ನೊಂದು ವಿಷಯ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಾವು ಅಲ್ಲೆಲೂಯ (ಹಲ್ಲೆಲೂಯ) ಹಾಡುವುದೇ ಇಲ್ಲ. ಪೂಜೆಯಲ್ಲಿ ಆ ಪದವೇ ಬರುವುದಿಲ್ಲ. ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಅದು ವಾಪಸ್ ಬರುತ್ತದೆ. ಮೌನಕ್ಕೂ ಒಂದು ಕಾಲ ಇದೆ ಎಂದು ಪೂಜೆಯೇ ನನಗೆ ಕಲಿಸಿದೆ. ಚಿಕ್ಕವಳಿದ್ದಾಗ ಇದು ಅರ್ಥವಾಗುತ್ತಿರಲಿಲ್ಲ. ನಮ್ಮ ಮಗು ತೀರಿಕೊಂಡ ವರ್ಷ ಅರ್ಥವಾಯಿತು.

ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನೀವು ಒಂದು ಸಲ ಬಂದು ಸುಮ್ನೆ ಆ ಮುಖಗಳನ್ನು ನೋಡಬೇಕು. ಹರಕೆ ತೀರಿಸಿ ನಗುವವರ ಪಕ್ಕದಲ್ಲೇ, ಹೋದ ವರ್ಷ ಕೇಳಿದ್ದನ್ನೇ ಮತ್ತೆ ಕೇಳುತ್ತಾ ಅಳುವವರು ಇರುತ್ತಾರೆ. ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾರೆ.

---

ಶೇಂಗಾ ಹೊಲ (ಚಳ್ಳಕೆರೆ)

ನಮ್ಮ ಕಡೆಯವರಿಗೆ ಹಬಕ್ಕೂಕ ಪ್ರವಾದಿಯ ಪುಸ್ತಕದ 3ನೇ ಅಧ್ಯಾಯ ಸಾಕು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎಂದು ಬರುತ್ತದೆ. ಮಳೆ ಕೈಕೊಟ್ಟು ಬಿತ್ತನೆ ಬೀಜವೂ ಹುಟ್ಟದ ವರ್ಷ ನಾನು ಅದನ್ನು ಓದಿದೆ. ಉಲ್ಲಾಸ ಬರಲಿಲ್ಲ, ನಿಜ ಹೇಳುತ್ತೇನೆ. ಆದರೆ 'ಆದರೂ' ಎನ್ನುವ ಪದ ಒಂದನ್ನು ಹಿಡಿದುಕೊಂಡೆ. ಆ ವರ್ಷ ಅಷ್ಟೇ ನನ್ನ ಸ್ತುತಿ.

ಅದೇ ಪುಸ್ತಕ ಶುರುವಾಗುವುದು, ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುತ್ತಿಲ್ಲವಲ್ಲ ಎನ್ನುವ ದೂರಿನಿಂದ. ಮೂರನೇ ಅಧ್ಯಾಯವನ್ನು ಮಾತ್ರ ಗೋಡೆಗೆ ಅಂಟಿಸಬೇಡಿ, ಒಂದನೇದನ್ನೂ ಅಂಟಿಸಿ.

---

ಆರಾಧನೆ ತಂಡ

ಮೇಷ್ಟ್ರೇ, ಫಿಲಿಪ್ಪಿಯ ಬಗ್ಗೆ ನೀವು ಹೇಳಿದ್ದು ಇಡೀ ದಿನ ತಲೆಯಲ್ಲಿತ್ತು. ಅದನ್ನು ಒಪ್ಪುತ್ತೇನೆ. ಸ್ತುತಿಸಿದರೆ ಕೆಲಸ ಆಗುತ್ತದೆ ಎಂದು ನಾನೂ ವೇದಿಕೆ ಮೇಲೆ ಹೇಳಿದ್ದುಂಟು. ಇನ್ನು ಹೇಳುವುದಿಲ್ಲ.

ಒಂದು ಮಾತ್ರ ಬಗೆಹರಿದಿಲ್ಲ. ಪೌಲನ ಪತ್ರ 1 ಥೆಸಲೋನಿಕ 5ರಲ್ಲಿ ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿ ಎಂದಿದೆ. ಅದು ಆಜ್ಞೆ ಅಲ್ವಾ? ಅಪ್ಪ ಸತ್ತರೂ ಸ್ತೋತ್ರ ಹೇಳಬೇಕು ಎಂದೇ ಅದರ ಅರ್ಥವಾ?

---

ಕೋಟೆ ಕೆಳಗಿನ ಮೇಷ್ಟ್ರು

ಆಜ್ಞೆಯೇ. ಆದರೆ ಆ ವಚನದಲ್ಲಿ ಇರುವುದು 'ಎಲ್ಲಾದರಲ್ಲಿಯೂ', 'ಎಲ್ಲಾದಕ್ಕೂ' ಅಲ್ಲ. ಮೂಲದ ಗ್ರೀಕಿನಲ್ಲೂ ಹಾಗೆಯೇ. ಕಾಯಿಲೆ ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳು ಅನ್ನುತ್ತಿಲ್ಲ, ಕಾಯಿಲೆಯ ಒಳಗೆ ಇರುವಾಗಲೂ ದೇವರು ಕೈಬಿಟ್ಟಿಲ್ಲ ಎಂದು ನೆನೆ ಅನ್ನುತ್ತಿದೆ. ಎಫೆಸ 5:20ರಲ್ಲಿ 'ಎಲ್ಲಾ ಕಾರ್ಯಗಳಿಗೋಸ್ಕರ' ಎನ್ನುವ ಅರ್ಥವೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದನ್ನು ಓದುವಾಗ ನನಗೆ ಇವತ್ತಿಗೂ ಕಷ್ಟವಾಗುತ್ತದೆ. ಆದರೆ ಅದನ್ನು ಬರೆದ ಪೌಲನೇ ಅಳುವವರ ಸಂಗಡ ಅಳಿರಿ ಎಂದೂ ಬರೆದ. ಅಳುವವರಿಂದ ಸ್ತೋತ್ರ ಹೇಳಿಸಿರಿ ಎಂದು ಬರೆಯಲಿಲ್ಲ.

ನಮ್ಮ ಕರ್ತನನ್ನೇ ನೋಡು. ಸ್ನೇಹಿತ ಲಾಜರನ ಸಮಾಧಿ ಹತ್ತಿರ ಮೊದಲು ಅತ್ತನು, ಆಮೇಲೆ, ತಂದೆಯೇ, ನನ್ನ ಮಾತು ಕೇಳಿದ್ದಕ್ಕೆ ಸ್ತೋತ್ರ ಅಂದನು. ಕೊನೆಯ ಊಟ ಮುಗಿಸಿ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೋದರು ಎಂದು ಮತ್ತಾಯ ಬರೆದಿದ್ದಾನೆ. ಪಸ್ಕ ಹಬ್ಬದ ಊಟದಲ್ಲಿ ಯೆಹೂದ್ಯರು ಹಾಡುವುದು 113ರಿಂದ 118ರವರೆಗಿನ ಕೀರ್ತನೆಗಳು, ಎಲ್ಲವೂ ಸ್ತುತಿ. ಹಾಡಿ ಮುಗಿಸಿ ಗೆತ್ಸೇಮನೆ ತೋಟಕ್ಕೆ ಹೋದನು. ಅಲ್ಲಿ ಬೋರಲು ಬಿದ್ದು, ಸಾಧ್ಯವಾದರೆ ಈ ಪಾತ್ರೆ (ಈ ಸಂಕಟ) ನನ್ನನ್ನು ಬಿಟ್ಟುಹೋಗಲಿ ಅಂದನು. ಅದೇ ಬಾಯಿ, ಅದೇ ರಾತ್ರಿ. ಶಿಲುಬೆಯ ಮೇಲೆ ಹೇಳಿದ್ದು 22ನೇ ಕೀರ್ತನೆಯ ಮೊದಲ ಸಾಲು, ಯಾಕೆ ಕೈಬಿಟ್ಟೆ ಎಂಬ ಸಾಲು. ಆ ಕೀರ್ತನೆ ಮುಂದೆ ಸ್ತುತಿಗೆ ಹೋಗುತ್ತದೆ. ಆದರೆ ಶಿಲುಬೆಯಲ್ಲಿ ಬಾಯಿಗೆ ಬಂದದ್ದು ಮೊದಲ ಸಾಲೇ.

---

ಮಾರಿಕಣಿವೆ (ಹಿರಿಯೂರು)

ಎಲ್ಲರ ಮಾತು ಓದಿದೆ. ನಮ್ಮೂರಿನದೊಂದು ಹೇಳಬೇಕು.

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಲಾಶಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಹಿಂದೆ ಬಿದ್ದದ್ದು 1933ರಲ್ಲಿ. 89 ವರ್ಷ! ಕೋಡಿ ನೋಡಿದ ಅಜ್ಜ ಅಜ್ಜಿಯರು ಊರಲ್ಲಿ ಉಳಿದಿರಲಿಲ್ಲ. ಆ ದಿನ ದಾರಿಯಲ್ಲಿ ಪರಿಚಯ ಇಲ್ಲದವರು ಬೈಕ್ ನಿಲ್ಲಿಸಿ 'ನೋಡಿದ್ರಾ? ಹೋಗಿ ನೋಡಿ' ಅನ್ನುತ್ತಿದ್ದರು. ನಾನೂ ವಾಪಸ್ ಬರುವಾಗ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳದೆ ಇರಲು ಆಗುತ್ತಿರಲಿಲ್ಲ.

ಹಲ್ಲೆಲೂಯ ಎನ್ನುವ ಪದದ ಅರ್ಥ ಹುಡುಕಿದಾಗ ನನಗೆ ಆ ದಿನ ನೆನಪಾಯಿತು. 'ಹಲ್ಲೆಲೂ' ಅಂದರೆ ಸ್ತುತಿಸಿರಿ, 'ಯಾಹ್' ಅಂದರೆ ಯೆಹೋವ. ಅದು ಬಹುವಚನ. ದೇವರಿಗೆ ಹೇಳುವ ಮಾತಲ್ಲ, ಪಕ್ಕದವರಿಗೆ ಹೇಳುವ ಮಾತು! 'ಬನ್ನಿ, ನೋಡಿ, ನೀವೂ ಸ್ತುತಿಸಿ' ಎಂಬ ಕರೆ. ಒಬ್ಬರೇ ಕೂತು ಬೆರಳಲ್ಲಿ ಎಣಿಸುವ ಪದ ಅದಲ್ಲವೇ ಅಲ್ಲ.

ಅದಕ್ಕೇ ಮಂಡಿಪೇಟೆಯವರಿಗೆ ಹೇಳುತ್ತೇನೆ. ಆ ದಿನ ವಾರ್ಡಿನಲ್ಲಿ ಅಮ್ಮನ ಕೆಲಸ ಅಳುವುದು. ಸ್ತುತಿ ಬಂದವರ ಕೆಲಸ. ಅವರು ತಮ್ಮ ಪಾಲನ್ನೂ ಅಮ್ಮನ ಮೇಲೆ ಹೊರಿಸಿದರು. ಅಮ್ಮ 30 ಹೇಳಿದ್ದರೆ ಉಳಿದ 70 ನಮ್ಮದು ಎಂದು ಅವರು ಎತ್ತಿಕೊಳ್ಳಬೇಕಿತ್ತು. ಈಗಲೂ ತಡವಾಗಿಲ್ಲ. ಕೋಡಿ ಬೀಳದ 89 ವರ್ಷವೂ ಅದು ನಮ್ಮ ಕೆರೆಯೇ ಆಗಿತ್ತು ಎಂದು ಅಮ್ಮನಿಗೆ ಹೇಳಿ.

---

ಪಕ್ಕದ ಮನೆ

ಹರಿಹರದ ಅಕ್ಕನಿಗೆ ಧನ್ಯವಾದ. ಮಗುವಿನ ವಿಷಯ ಓದಿ ಮನಸ್ಸು ಭಾರವಾಯಿತು. ದೇವರಿಗೆ ಅಗತ್ಯ ಇಲ್ಲ, ನಮಗಿದೆ ಎನ್ನುವುದು ನನಗೂ ಒಪ್ಪಿಗೆ.

---

ಆರಾಧನೆ ತಂಡ

ಈ ಶನಿವಾರ ಪ್ರಾಕ್ಟೀಸಿನಲ್ಲಿ ಮಾತಾಡಿದೆವು. ನಮ್ಮ ಪಟ್ಟಿಯಲ್ಲಿರುವ ಹಾಡುಗಳಲ್ಲಿ ಅಳುವವರಿಗೆ ಒಂದೂ ಇರಲಿಲ್ಲ. ಎಲ್ಲವೂ ಜಯ, ಜಯ. ಇನ್ನು ಮೇಲೆ ಎರಡನೇ ಹಾಡಿನ ನಂತರ ವಾದ್ಯ ನಿಲ್ಲಿಸಿ ಒಂದು ಮೊರೆಯ ಕೀರ್ತನೆ ಓದುತ್ತೇವೆ. ನಾಳೆ 13ನೇದು. ಕೆಲವರಿಗೆ ಇಷ್ಟವಾಗಲಿಲ್ಲ, ಸ್ತುತಿಯ ಬಿಸಿ ಆರಿಹೋಗುತ್ತದೆ ಅಂದರು. ಚರ್ಚೆ ಇನ್ನೂ ನಡೆಯುತ್ತಿದೆ. ಅಣ್ಣಾ, ಅಮ್ಮನನ್ನು ಕರೆದುಕೊಂಡು ಬನ್ನಿ. ಹಿಂದಿನ ಸಾಲಿನಲ್ಲಿ ಕೂರಲಿ. ಹಾಡುವುದು ಬೇಡ, ನಾವು ಹಾಡುತ್ತೇವೆ.

---

ಮಂಡಿಪೇಟೆ

ಎಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಒಬ್ಬೊಬ್ಬರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಕೋಡಿಯ ಮಾತಿಗೆ ಏನೂ ಅನ್ನಲಿಲ್ಲ. 'ಉಳಿದ 70 ನಮ್ಮದು' ಅನ್ನುವಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನರ್ಸ್ ಅಕ್ಕನ ಬಗ್ಗೆ 'ಆ ಹುಡುಗಿ ಚೆನ್ನಾಗಿರಲಿ' ಅಂದರು.

ನಿನ್ನೆ ರಾತ್ರಿ ಮತ್ತೆ ಎದ್ದು ಕೂತಿದ್ದರು. ಈ ಸಲ ನಾನು ಸಮಾಧಾನ ಹೇಳಲಿಲ್ಲ. ಅಪ್ಪನ ಸತ್ಯವೇದ ತೆಗೆದು 88ನೇ ಕೀರ್ತನೆ ಓದಿದೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ 'ಇದು ಇದರಲ್ಲೇ ಇದೆಯಾ? ಇನ್ನೊಂದು ಸಲ ಓದು' ಅಂದರು. ಓದಿದೆ. ಪುಸ್ತಕ ಮುಚ್ಚಲು ಹೋದಾಗ, 'ಮುಂದಿನದರಲ್ಲಿ ಏನಿದೆ?' ಎಂದು ಕೇಳಿದರು.

89ನೇದರ ಮೊದಲ ಸಾಲು, ಯೆಹೋವನ ಕೃಪೆಯನ್ನು ಸದಾ ಹಾಡುವೆನು ಎಂದು ಇದೆ. ನಾನು ಸ್ವಲ್ಪ ಹಿಂಜರಿದೆ. ಅಮ್ಮ 'ಓದು' ಅಂದರು. ಅದು ಉದ್ದ, 52 ವಚನ. ಇಪ್ಪತ್ತರ ಹತ್ತಿರ ಬಂದಾಗ ಅವರಿಗೆ ನಿದ್ದೆ ಬಂದಿತ್ತು. ಪುಟಕ್ಕೆ ಅಪ್ಪನ ಹಳೆಯ ಬಸ್ ಟಿಕೆಟ್ ಇಟ್ಟಿದ್ದೇನೆ. ಉಳಿದದ್ದನ್ನು ಇವತ್ತು ರಾತ್ರಿ ಓದುತ್ತೇನೆ.